ಕೌಂಟರ್ ಮೇಲಿನ ಡಬ್ಬಿಯ ದುಡ್ಡು ಯಾವ ಮಕ್ಕಳಿಗೆ ಹೋಗುತ್ತೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಬೀದಿಯಲ್ಲಿ ಯಹೂದಿ ಕುಟುಂಬಗಳು ಜಾಸ್ತಿ. ನಾನು ತರಕಾರಿಗೆ ಹೋಗುವ, ಯಹೂದಿ ಆಹಾರ ನಿಯಮ ಪಾಲಿಸುವ ಕೋಷರ್ ಅಂಗಡಿಯ ಕೌಂಟರ್ ಮೇಲೆ ಐದಾರು ಕಾಣಿಕೆ ಡಬ್ಬಿಗಳಿವೆ. ಅದರಲ್ಲಿ ಎರಡು ಅನಾಥ ಮಕ್ಕಳ ಹೆಸರಿನವು. ಯಹೂದಿಗಳು ಅಂದ್ರೆ ಶ್ರೀಮಂತರು ಅಂತ ಕೇಳಿಕೊಂಡೇ ಬೆಳೆದವಳು ನಾನು. ಅವರಲ್ಲಿ ಇಷ್ಟೊಂದು ಬಡ ಮಕ್ಕಳು, ತಬ್ಬಲಿ ಮಕ್ಕಳು ಎಲ್ಲಿಂದ ಬಂದರು? ಇವರ ದಾನದ ಪದ್ಧತಿ ಹೇಗಿದೆ? ಯಹೂದಿಯಲ್ಲದ ನಾನು ದುಡ್ಡು ಹಾಕಬಹುದಾ? ಮೈಸೂರಿನಲ್ಲಿರುವ ಅಪ್ಪನೂ ಸ್ವಲ್ಪ ಕಳಿಸುತ್ತೇನೆ ಅಂತಿದ್ದಾರೆ. ಅದಕ್ಕೆ ದಾರಿ ಏನು?

ಉತ್ತರ: ಮೊದಲು ಆ ‘ಶ್ರೀಮಂತರು’ ಅನ್ನೋ ಮಾತನ್ನು ಬದಿಗಿಡೋಣ. ರಾತ್‌ಶೀಲ್ಡ್, ಸಸೂನ್ ಅಂತ ನಾಲ್ಕು ಮನೆತನದ ಹೆಸರು ಎಲ್ಲರ ಬಾಯಲ್ಲೂ ಇದೆ. ಅದೇ ಕಾಲದಲ್ಲಿ ಬದುಕಿದ ಲಕ್ಷಾಂತರ ಯಹೂದಿ ದರ್ಜಿಗಳು, ಚಮ್ಮಾರರು, ಬೆನ್ನಿಗೆ ಗಂಟು ಕಟ್ಟಿಕೊಂಡು ಊರೂರು ಅಲೆದು ಸೂಜಿ ದಾರ ಮಾರಿದವರು ಯಾರ ನೆನಪಿನಲ್ಲೂ ಇಲ್ಲ. 1881ರಿಂದ 1914ರವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದಿಳಿದರು. ಬಹುಪಾಲು ಜನ ಬರಿಗೈಲಿ ಬಂದವರು. ನ್ಯೂಯಾರ್ಕಿನ ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ಸೇರಿಕೊಂಡು, ಅಲ್ಲೇ ಬಟ್ಟೆ ಹೊಲಿದು, ಅಲ್ಲೇ ಕ್ಷಯ ಹಿಡಿಸಿಕೊಂಡು ಸತ್ತವರೂ ಬಹಳ. ಅಪ್ಪ ಹೋದರೆ ಅಮ್ಮನ ಕೈಲಿ ನಾಲ್ಕು ಮಕ್ಕಳು, ತಿಂಗಳ ಬಾಡಿಗೆ.

ಇವತ್ತಿಗೂ ಬಡತನ ಹೋಗಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಕಿರ್ಯಾಸ್ ಜೋಯೆಲ್ ಅಂತ ಒಂದು ಊರಿದೆ. ಅಲ್ಲಿರೋರು ಹೆಚ್ಚುಕಡಿಮೆ ಎಲ್ಲರೂ ಹಸೀದಿಗಳು, ಅಂದರೆ ಕಟ್ಟಾ ಸಂಪ್ರದಾಯದ ಯಹೂದಿಗಳು. ಅಮೆರಿಕದ ಜನಗಣತಿ ನೋಡಿದರೆ ಇಡೀ ದೇಶದ ಅತಿ ಬಡ ಊರುಗಳ ಸಾಲಿನಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತೆ. ಬೇಗ ಮದುವೆ, ಮನೆ ತುಂಬ ಮಕ್ಕಳು. ಗಂಡಸರು ವರ್ಷಗಟ್ಟಲೆ ಧರ್ಮಶಾಸ್ತ್ರ ಓದುತ್ತಾ ಕೂರುತ್ತಾರೆ. ಸಂಬಳ ಸಣ್ಣದು. ಇಂಥ ಮನೆಯಲ್ಲಿ ದುಡಿಯುವ ಒಂದು ಜೀವ ಹೋದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ವಿಷಯ. ಯಹೂದಿ ಅನಾಥಾಲಯಗಳ ಇತಿಹಾಸ ಓದಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತೆ. ಅಲ್ಲಿದ್ದ ಮಕ್ಕಳಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವರು ಕಡಿಮೆ. ಹೆಚ್ಚಿನವರಿಗೆ ಅಮ್ಮ ಇದ್ದಳು. ಕೆಲವರಿಗೆ ಅಪ್ಪನೂ ಇದ್ದ. ಸಾಕಲು ದುಡ್ಡಿರಲಿಲ್ಲ, ಅಷ್ಟೇ. ಅಮೆರಿಕದ ಹಾಸ್ಯ ಅಂಕಣಕಾರ ಆರ್ಟ್ ಬುಕ್ವಾಲ್ಡ್ ಗೊತ್ತಲ್ಲ? ಅವರೂ ನ್ಯೂಯಾರ್ಕಿನ ಹೀಬ್ರೂ ಅನಾಥಾಲಯದ ಕೈಕೆಳಗೆ ಬೆಳೆದವರೇ. ತಾಯಿ ಮಾನಸಿಕ ಆಸ್ಪತ್ರೆಯಲ್ಲಿದ್ದರು. ತಂದೆ ಪರದೆ ಹೊಲಿಯುವ ಕೆಲಸ ಮಾಡಿಕೊಂಡು ಅದೇ ಊರಿನಲ್ಲಿ ಬದುಕಿದ್ದರು. ಮಗನನ್ನು ನೋಡಲು ಬಂದು ಹೋಗುತ್ತಿದ್ದರು. ಆದರೂ ಕಾಗದಪತ್ರದಲ್ಲಿ ಹುಡುಗ ಅನಾಥ. ಹಾಗಾಗಿ ಡಬ್ಬಿ ಮೇಲೆ ‘ಅನಾಥರು’ ಅಂತ ಇದ್ದಾಗ ನಾನು ಮೊದಲು ಕೇಳೋದು, ಈ ದುಡ್ಡು ಮಗುವನ್ನು ಮನೆಯಿಂದ ಹೊರಗೆ ಕರೆದೊಯ್ಯುತ್ತಾ, ಮನೆಯಲ್ಲೇ ಉಳಿಸುತ್ತಾ ಅಂತ.

ಪದ್ಧತಿ ಕೇಳಿದಿರಿ. ಅದು ತುಂಬ ಹಳೇದು. ಹೊಲದಲ್ಲಿ ಒಂದು ಸಿವುಡು ಮರೆತು ಬಂದರೆ ತಿರುಗಿ ಹೋಗಿ ತರಬಾರದು, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದ್ದು ಅನ್ನುತ್ತೆ ಅವರ ಧರ್ಮಗ್ರಂಥ ತೋರಾದ ಧರ್ಮೋಪದೇಶಕಾಂಡ. ಗಮನಿಸಿ, ‘ಕೊಡಬೇಕು’ ಅಂತ ಅಲ್ಲ, ಆಗಲೇ ‘ಸೇರಿದ್ದು’ ಅಂತ. ಕೊಡುವವನ ದೊಡ್ಡ ಮನಸ್ಸಿನ ಪ್ರಶ್ನೆಯೇ ಅಲ್ಲಿ ಬರೋದಿಲ್ಲ. ಆಮೇಲಿನ ಶಾಸ್ತ್ರಕಾರರು ಇದನ್ನೇ ಹಿಡಿದು ಊರಿನ ಲೆಕ್ಕಕ್ಕೆ ತಂದರು. ಪ್ರತಿ ಊರಲ್ಲೂ ಒಂದು ‘ಕುಪ್ಪಾ’, ಅಂದರೆ ವಾರದ ನಿಧಿ ಇರಬೇಕು. ಹಣ ಎತ್ತಲು ಇಬ್ಬರು ಒಟ್ಟಿಗೇ ಹೋಗಬೇಕು. ಹಂಚಲು ಮೂವರು ಕೂರಬೇಕು, ಯಾಕಂದ್ರೆ ಯಾರಿಗೆ ಎಷ್ಟು ಅನ್ನೋದು ನ್ಯಾಯ ತೀರ್ಮಾನದ ವಿಷಯ, ನ್ಯಾಯಕ್ಕೆ ಮೂವರು ಬೇಕು. ಎರಡು ಸಾವಿರ ವರ್ಷದಷ್ಟು ಹಳೆಯ ಈ ನಿಯಮವನ್ನು ಇವತ್ತಿನ ಎಷ್ಟೋ ಟ್ರಸ್ಟ್‌ಗಳು ಪಾಲಿಸಿದರೆ ಸಾಕಿತ್ತು ಅಂತ ನನಗೆ ಆಗಾಗ ಅನಿಸುತ್ತೆ.

ತಬ್ಬಲಿಗಳ ಬಗ್ಗೆ ಬೇರೆಯೇ ನಿಯಮಗಳಿವೆ. ನ್ಯಾಯಮಂಡಳಿಯೇ ತಬ್ಬಲಿಗಳ ತಂದೆ ಅನ್ನೋ ಮಾತು ಯಹೂದಿ ಶಾಸ್ತ್ರಗ್ರಂಥ ತಾಲ್ಮುದ್‌ನಲ್ಲಿದೆ. ಅವರ ಆಸ್ತಿ ನೋಡಿಕೊಳ್ಳಲು ಪೋಷಕನನ್ನು ನೇಮಿಸುವುದು ಮಂಡಳಿಯ ಕೆಲಸ. ನಿಧಿಯಲ್ಲಿ ದುಡ್ಡು ಕಡಿಮೆ ಇದ್ದು, ಮದುವೆ ವಯಸ್ಸಿನ ತಬ್ಬಲಿ ಹುಡುಗ, ತಬ್ಬಲಿ ಹುಡುಗಿ ಇಬ್ಬರೂ ಇದ್ದರೆ ಹುಡುಗಿಗೆ ಮೊದಲು. ಹುಡುಗನಿಗೆ ಕೊಡುವಾಗ ಬರೀ ಮದುವೆ ಮಾಡಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮೊದಲು ಬಾಡಿಗೆಗೆ ಮನೆ, ಆಮೇಲೆ ಮಂಚ ಹಾಸಿಗೆ, ಪಾತ್ರೆ ಪಗಡ, ಅದಾದ ಮೇಲೆ ಹೆಂಡತಿ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದಾನಕ್ಕೆ ಎಂಟು ಮೆಟ್ಟಿಲು ಹೇಳಿದರು. ಮುಖ ಗಂಟು ಹಾಕಿಕೊಂಡು ಕೊಡೋದು ಎಲ್ಲಕ್ಕಿಂತ ಕೆಳಗಿನದು. ಕೆಲಸ ಕೊಟ್ಟೋ, ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುದಾರ ಮಾಡಿಕೊಂಡೋ ಆ ಮನುಷ್ಯ ಇನ್ನೊಮ್ಮೆ ಕೈ ಚಾಚದ ಹಾಗೆ ಮಾಡುವುದು ಎಲ್ಲಕ್ಕಿಂತ ಮೇಲಿನದು. ತಬ್ಬಲಿಗಳ ಜೊತೆ ಮೆತ್ತಗೆ ಮಾತಾಡಬೇಕು, ಅವರು ಎಷ್ಟೇ ಹಣವಂತರಾದರೂ ಸರಿ ಅಂತಲೂ ಅವರೇ ಬರೆದಿದ್ದಾರೆ. ಅಪ್ಪ ಅಮ್ಮ ಇಲ್ಲದ ನೋವಿಗೂ ಬಡತನಕ್ಕೂ ಸಂಬಂಧವಿಲ್ಲ ಅಂತ ಅವರಿಗೆ ಗೊತ್ತಿತ್ತು.

ಇದೆಲ್ಲ ಪುಸ್ತಕದ ಮಾತು ಅಂದುಕೊಳ್ಳಬೇಡಿ. ಕೈರೋ ಪಕ್ಕದ ಫುಸ್ತಾತ್‌ನ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಹಳೆಯ ಕಾಗದ ಒಟ್ಟುವ ಒಂದು ಕೋಣೆ ಇತ್ತು. ದೇವರ ಹೆಸರಿರುವ ಕಾಗದ ಎಸೆಯಬಾರದು ಅಂತ ನೂರಾರು ವರ್ಷ ಅಲ್ಲಿ ತುಂಬುತ್ತಾ ಹೋದರು. ಅದರಲ್ಲಿ ರೊಟ್ಟಿ ಹಂಚಿದ ಪಟ್ಟಿಗಳು ಸಿಕ್ಕಿವೆ. ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಯಾರ ಹೆಸರಿಗೆ ಎಷ್ಟು ರೊಟ್ಟಿ, ಯಾವ ವಿಧವೆಗೆ, ಯಾವ ತಬ್ಬಲಿಗಳಿಗೆ ಅಂತ ಬರೆದಿಟ್ಟಿದ್ದಾರೆ. ತಬ್ಬಲಿ ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟ್ರಿಗೆ ಸಮುದಾಯ ಕೊಟ್ಟ ಸಂಬಳದ ಲೆಕ್ಕವೂ ಇದೆ. ಇಲ್ಲಿ ನಮ್ಮವರಿಗೆ ಒಂದು ಸ್ವಾರಸ್ಯ ಇದೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯಿಜು ಅವರ ಪತ್ರಗಳು ಸಿಕ್ಕಿದ್ದೂ ಇದೇ ರಾಶಿಯಲ್ಲಿ. 1149ರಲ್ಲಿ ಮಂಗಳೂರು ಬಿಟ್ಟು ಏಡನ್‌ಗೆ ಮರಳಿದ ಮೇಲೆ, ಯುದ್ಧದಲ್ಲಿ ನೆಲೆ ಕಳೆದುಕೊಂಡು ಕಷ್ಟಕ್ಕೆ ಬಿದ್ದಿದ್ದ ಒಡಹುಟ್ಟಿದವರಿಗೆ ಅವರು ಕಾಗದ ಬರೆದರು. ನಾನು ಗಳಿಸಿದ್ದು ನಮಗೆಲ್ಲರಿಗೂ ಸಾಕು, ಬನ್ನಿ ಅನ್ನೋದು ಅದರ ತಾತ್ಪರ್ಯ. ಆಮೇಲೆ ಅಣ್ಣತಮ್ಮಂದಿರ ಮಗನಿಗೇ ಮಗಳನ್ನು ಕೊಟ್ಟರು.

ನೀವು ನೋಡಿದ ಡಬ್ಬಿಗೆ ಪೂರ್ವ ಯುರೋಪಿನ ಯಹೂದಿಗಳು ‘ಪುಷ್ಕೆ’ ಅನ್ನುತ್ತಾರೆ. ಅದು ಮೂಲದಲ್ಲಿ ಅಂಗಡಿಯದ್ದಲ್ಲ, ಅಡುಗೆಮನೆಯದ್ದು. ಶುಕ್ರವಾರ ಸಂಜೆ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ ದೀಪ ಹಚ್ಚುವ ಮುಂಚೆ ಮನೆಯಾಕೆ ನಾಲ್ಕು ಕಾಸು ಹಾಕುತ್ತಾಳೆ, ಮಕ್ಕಳ ಕೈಲೂ ಹಾಕಿಸುತ್ತಾಳೆ. ನಮ್ಮಲ್ಲಿ ತಿಮ್ಮಪ್ಪನಿಗೆ ಮುಡಿಪು ಕಟ್ಟಿಡುತ್ತಾರಲ್ಲ, ಹಾಗೆ. ಡಬ್ಬಿ ತುಂಬಿದಾಗ ಸಂಸ್ಥೆಯವರು ಬಂದು ಒಯ್ಯುತ್ತಾರೆ. ಜೆರುಸಲೇಮಿನ ಎಷ್ಟೋ ಅನಾಥಾಲಯಗಳು ಹೀಗೆ ದೂರದ ಅಡುಗೆಮನೆಗಳ ಚಿಲ್ಲರೆ ಕಾಸಿನಲ್ಲೇ ನಡೆದವು.

ಎಲ್ಲ ಬರೀ ಒಳ್ಳೇದೇ ಅಂತ ಹೇಳಿದರೆ ಸುಳ್ಳಾಗುತ್ತೆ. 1827ರಲ್ಲಿ ರಷ್ಯಾದ ಝಾರ್ ಒಂದನೇ ನಿಕೋಲಸ್ ಯಹೂದಿ ಸಮುದಾಯಗಳಿಂದ ಸೈನ್ಯಕ್ಕೆ ಹುಡುಗರನ್ನು ಕೇಳಿದ. ಇಂತಿಷ್ಟು ಅಂತ ಲೆಕ್ಕ. 12 ವರ್ಷದವರೂ ಆಗಬಹುದು. ಬಾಲಕರ ತರಬೇತಿ ಶಾಲೆ ಮುಗಿದ ಮೇಲೆ 25 ವರ್ಷ ಸೇವೆ. ಯಾರನ್ನು ಕೊಡಬೇಕು ಅಂತ ತೀರ್ಮಾನಿಸುವವರು ಸಮುದಾಯದ ಮುಖಂಡರೇ. ಅವರು ಯಾರನ್ನು ಕೊಟ್ಟರು ಹೇಳಿ? ಬಡವರ ಮಕ್ಕಳನ್ನು, ತಬ್ಬಲಿಗಳನ್ನು. ಹಿಡಿದು ತರಲು ಕೂಲಿ ಆಳುಗಳನ್ನೇ ಇಟ್ಟಿದ್ದರು. ಕೇಳೋರಿಲ್ಲದ ಮಗು ಸುಲಭಕ್ಕೆ ಸಿಗುತ್ತೆ ಅಲ್ವಾ? 1856ರಲ್ಲಿ ಇದು ನಿಂತಿತು. ಶಾಸ್ತ್ರದಲ್ಲಿ ಎಷ್ಟೇ ಹಕ್ಕು ಬರೆದಿದ್ದರೂ, ಕಷ್ಟ ಬಂದಾಗ ಮೊದಲು ಕೈಬಿಟ್ಟಿದ್ದು ಯಾರನ್ನು ಅಂತ ಗೊತ್ತಿರಲಿ.

ಇನ್ನು, ಯಹೂದಿಗಳು ತಮ್ಮ ಮಕ್ಕಳಿಗೆ ತಮ್ಮದೇ ಅನಾಥಾಲಯ ಯಾಕೆ ಕಟ್ಟಿಕೊಂಡರು, ಸರ್ಕಾರದ್ದೋ ಚರ್ಚಿನದ್ದೋ ಸಾಕಿರಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಅದರ ಹಿಂದೆ ಭಯ ಇತ್ತು. 1858ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪೋಪ್ ಆಳ್ವಿಕೆಯ ಪೊಲೀಸರು ಎಡ್ಗಾರ್ಡೊ ಮೊರ್ತಾರಾ ಎಂಬ ಆರು ವರ್ಷದ ಯಹೂದಿ ಹುಡುಗನನ್ನು ಮನೆಗೇ ಬಂದು ಎತ್ತಿಕೊಂಡು ಹೋದರು. ಕೆಲಸದ ಹುಡುಗಿಯೊಬ್ಬಳು ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸಿದ್ದಳು, ಹಾಗಾಗಿ ಅವನು ಕ್ರೈಸ್ತ ಅನ್ನೋದು ಅವರ ವಾದ. ಅಪ್ಪ ಅಮ್ಮ ಇಬ್ಬರೂ ಇದ್ದ ಮಗುವಿನ ಗತಿಯೇ ಹೀಗಾದರೆ ಇಲ್ಲದವರ ಪಾಡೇನು? ಯೆಮನ್‌ನಲ್ಲಿ 1920ರ ದಶಕದಲ್ಲಿ ಇಮಾಂ ಯಾಹ್ಯಾ ಹಳೆಯ ಕಾನೂನೊಂದನ್ನು ಮತ್ತೆ ಜಾರಿಗೆ ತಂದ. ತಂದೆ ಸತ್ತ ಯಹೂದಿ ಮಕ್ಕಳನ್ನು ರಾಜ್ಯ ವಶಕ್ಕೆ ತೆಗೆದುಕೊಂಡು ಮುಸ್ಲಿಮರಾಗಿ ಬೆಳೆಸಬೇಕು ಅಂತ. ಅಲ್ಲಿನ ಯಹೂದಿಗಳು ಮಕ್ಕಳನ್ನು ಅಡಗಿಸಿಟ್ಟರು. ರಾತ್ರೋರಾತ್ರಿ ಏಡನ್‌ಗೆ ಸಾಗಿಸಿದರು. ಹಾಲುಗಲ್ಲದ ವಯಸ್ಸಿನಲ್ಲೇ ಮದುವೆ ಮಾಡಿ ‘ಇವರು ಈಗ ದೊಡ್ಡವರು’ ಅಂತ ತೋರಿಸಿದರು.

ಅಮೆರಿಕದ ಕಥೆಗೆ ಬರೋಣ, ನಿಮಗೆ ಹತ್ತಿರದ್ದು. ಅಲ್ಲಿನ ಅತಿ ಹಳೆಯ ಯಹೂದಿ ಅನಾಥ ಸಂಘ ಹುಟ್ಟಿದ್ದು 1801ರಲ್ಲಿ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ. ಅದು ಹೆಚ್ಚಾಗಿ ಮಕ್ಕಳನ್ನು ಮನೆಗಳಲ್ಲೇ ಇರಿಸಿ ಖರ್ಚು ಕೊಡುತ್ತಿತ್ತು. ನನ್ನ ಕೇಳಿದರೆ ಅದೇ ಸರಿಯಾದ ದಾರಿ. ಆದರೆ ವಲಸೆ ಬರುವವರ ಸಂಖ್ಯೆ ಏರಿದ ಹಾಗೆ ದೊಡ್ಡ ಕಟ್ಟಡಗಳ ಕಾಲ ಬಂತು. ನ್ಯೂಯಾರ್ಕಿನ ಹೀಬ್ರೂ ಅನಾಥಾಲಯ 1860ರಲ್ಲಿ 30 ಮಕ್ಕಳಿಂದ ಶುರುವಾಯಿತು. 1884ರಲ್ಲಿ ಆಮ್‌ಸ್ಟರ್‌ಡ್ಯಾಮ್ ಅವೆನ್ಯೂನಲ್ಲಿ ಕೋಟೆಯಂಥ ಕಟ್ಟಡ ಎದ್ದಿತು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸಾಲು, ಗಂಟೆ ಹೊಡೆದರೆ ಊಟ. ಹಿರಿಯ ಹುಡುಗರೇ ಮೇಸ್ತ್ರಿಗಳು. ಹೊಟ್ಟೆಗೆ ಬಟ್ಟೆಗೆ ಓದಿಗೆ ಕೊರತೆ ಇರಲಿಲ್ಲ. ರಾತ್ರಿ ಅತ್ತರೆ ಬಂದು ಕೇಳೋರು ಇರಲಿಲ್ಲ.

1909ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ವೈಟ್‌ಹೌಸ್‌ನಲ್ಲಿ ಸಭೆ ಕರೆದರು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ಅಲ್ಲಿ ತೀರ್ಮಾನವಾಯಿತು. ತೀರ್ಮಾನ ಸುಲಭ, ದುಡ್ಡು ಕಷ್ಟ. ನ್ಯೂಯಾರ್ಕಿನಲ್ಲಿ ಅದಕ್ಕಾಗಿ ಬಡಿದಾಡಿದವರಲ್ಲಿ ಸೋಫಿ ಐರೀನ್ ಲೋಬ್ ಎಂಬ ಯಹೂದಿ ಪತ್ರಕರ್ತೆ ಮುಖ್ಯ. ಚಿಕ್ಕ ವಯಸ್ಸಲ್ಲೇ ತಂದೆ ಕಳೆದುಕೊಂಡು, ವಿಧವೆ ತಾಯಿ ಪಟ್ಟ ಪಾಡು ನೋಡಿ ಬೆಳೆದವರು. ಅನಾಥಾಲಯಕ್ಕೆ ಕೊಡುವ ದುಡ್ಡನ್ನೇ ತಾಯಿ ಕೈಗೆ ಕೊಡಿ, ಅವಳೇ ಸಾಕುತ್ತಾಳೆ ಅನ್ನೋದು ಅವರ ವಾದ. 1915ರಲ್ಲಿ ನ್ಯೂಯಾರ್ಕ್ ರಾಜ್ಯ ವಿಧವೆಯರ ಪಿಂಚಣಿ ಕಾನೂನು ಮಾಡಿತು. 1935ರ ಸಾಮಾಜಿಕ ಭದ್ರತೆ ಕಾಯ್ದೆ ಇದನ್ನು ಇಡೀ ದೇಶಕ್ಕೆ ಒಯ್ದಿತು. 1941ಕ್ಕೆ ಆ ಕೋಟೆ ಅನಾಥಾಲಯ ಬಾಗಿಲು ಹಾಕಿತು. ಈಗ ಆ ಜಾಗದಲ್ಲಿ ಮಕ್ಕಳು ಆಡುವ ಮೈದಾನ ಇದೆ.

ಆದರೆ ಯಹೂದಿ ತಬ್ಬಲಿಗಳ ಬಗ್ಗೆ ಮಾತಾಡುವಾಗ ಒಬ್ಬರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಯಾನುಷ್ ಕೋರ್ಚಾಕ್. ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿತ್. ಪೋಲೆಂಡಿನ ವಾರ್ಸಾದ ಯಹೂದಿ, ಮಕ್ಕಳ ಡಾಕ್ಟರ್. ಒಳ್ಳೆಯ ಹೆಸರು, ಕೈತುಂಬ ರೋಗಿಗಳು. ‘ಅನಾಥರಿಗೆ ನೆರವು’ ಅನ್ನೋ ಸಂಘ ಅಲ್ಲಿ ಇತ್ತು. ಸದಸ್ಯರ ವಂತಿಗೆ, ಉಳ್ಳವರ ದಾನ ಸೇರಿಸಿ ಕ್ರೋಖ್ಮಾಲ್ನಾ ಬೀದಿಯ 92ನೇ ನಂಬರಿನಲ್ಲಿ ನಾಲ್ಕಂತಸ್ತಿನ ಮನೆ ಕಟ್ಟಿತು. 1912ರ ಅಕ್ಟೋಬರ್‌ನಲ್ಲಿ ಮಕ್ಕಳು ಒಳಗೆ ಬಂದರು. ಸುಮಾರು ನೂರು ಮಕ್ಕಳು, 7ರಿಂದ 14 ವರ್ಷದವರು. ಡಾಕ್ಟರ್ ಆಸ್ಪತ್ರೆ ಕೆಲಸ ಬಿಟ್ಟು ಮಾಳಿಗೆಯ ಕೋಣೆ ಸೇರಿಕೊಂಡರು. ಮನೆ ನಿಜಕ್ಕೂ ನಡೆಸಿದವರು ಸ್ಟೆಫಾನಿಯಾ ವಿಲ್ಚಿನ್‌ಸ್ಕಾ. ಇವರ ಹೆಸರು ಯಾರೂ ಹೇಳೋದಿಲ್ಲ. ಬೆಲ್ಜಿಯಂನಲ್ಲಿ ಓದಿ ಬಂದವರು. ಬೆಳಗಿನ ತಿಂಡಿಯಿಂದ ಹಿಡಿದು ರಾತ್ರಿ ಹರಿದ ಕಾಲುಚೀಲದವರೆಗೆ ಎಲ್ಲ ಅವರ ತಲೆ ಮೇಲೆ.

ಆ ಮನೆಯ ವಿಶೇಷ ಅಲ್ಲಿನ ಕೋರ್ಟು. ಮಕ್ಕಳೇ ಐದು ಜನ ನ್ಯಾಯಾಧೀಶರು. ಆ ವಾರ ತಮ್ಮ ಮೇಲೆ ಒಂದೂ ಕೇಸ್ ಇಲ್ಲದ ಮಕ್ಕಳಲ್ಲಿ ಚೀಟಿ ಎತ್ತಿ ಆರಿಸುತ್ತಿದ್ದರು. ಯಾರು ಯಾರ ಮೇಲಾದರೂ ದೂರು ಕೊಡಬಹುದು, ದೊಡ್ಡವರ ಮೇಲೂ. ಕಾನೂನಿನ ಕಲಮುಗಳನ್ನು ಕೋರ್ಚಾಕ್ ಬರೆದಿದ್ದರು. 1ರಿಂದ 99ರವರೆಗೆ ಎಲ್ಲವೂ ಕ್ಷಮಿಸುವ, ಬಿಟ್ಟುಬಿಡುವ ಕಲಮುಗಳೇ. ಬೇಕಂತ ಮಾಡಲಿಲ್ಲ, ಗೊತ್ತಿಲ್ಲದೆ ಮಾಡಿದ, ಈಗ ಪಶ್ಚಾತ್ತಾಪ ಇದೆ, ಹೀಗೆ. ನೂರು ದಾಟಿದ ಮೇಲೆ ತಪ್ಪು ಅಂತ ಹೇಳೋದು ಶುರು. ಕೊನೆಯದು 1000, ಅಂದರೆ ಮನೆಯಿಂದ ಹೊರಗೆ. ಕೋರ್ಚಾಕ್ ಆರು ತಿಂಗಳಲ್ಲಿ ಐದು ಸಲ ತಮ್ಮನ್ನೇ ಈ ಕೋರ್ಟಿಗೆ ಒಪ್ಪಿಸಿಕೊಂಡರು. ಒಬ್ಬ ಹುಡುಗನ ಕಿವಿಗೆ ಬಾರಿಸಿದ್ದಕ್ಕೆ, ಇನ್ನೊಬ್ಬನನ್ನು ಮಲಗುವ ಕೋಣೆಯಿಂದ ಆಚೆ ಹಾಕಿದ್ದಕ್ಕೆ, ಮತ್ತೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ, ಒಬ್ಬ ನ್ಯಾಯಾಧೀಶನಿಗೆ ಅವಮಾನ ಮಾಡಿದ್ದಕ್ಕೆ, ಒಬ್ಬ ಹುಡುಗಿಯ ಮೇಲೆ ಸುಮ್ನೆ ಕಳ್ಳತನದ ಅನುಮಾನ ಪಟ್ಟಿದ್ದಕ್ಕೆ. ಅನಾಥಾಲಯದ ಮುಖ್ಯಸ್ಥ ಹತ್ತು ವರ್ಷದ ಮಗುವಿನ ಮುಂದೆ ತಲೆ ತಗ್ಗಿಸಿ ನಿಲ್ಲೋದು ಇವತ್ತಿಗೂ ಅಪರೂಪ.

ಇನ್ನೂ ಸಣ್ಣ ಸಣ್ಣ ಏರ್ಪಾಡುಗಳಿದ್ದವು. ಹೊಸದಾಗಿ ಬಂದ ಮಗುವಿಗೆ ಮೊದಲ ಮೂರು ತಿಂಗಳು ಒಬ್ಬ ಹಿರಿಯ ಹುಡುಗನೋ ಹುಡುಗಿಯೋ ಜೊತೆಗಾರರು. ಕಳೆದುಹೋದ ಗುಂಡಿ, ಮುರಿದ ಪೆನ್ಸಿಲ್ ಇಡಲು ಗಾಜಿನ ಬೀರು. ಮಗುವಿಗೆ ಅದು ಆಸ್ತಿ, ಕಸ ಅಲ್ಲ. ಉದುರಿದ ಹಾಲುಹಲ್ಲನ್ನು ಡಾಕ್ಟರ್ ಕಾಸು ಕೊಟ್ಟು ಕೊಳ್ಳುತ್ತಿದ್ದರು. ಈ ವಾರ ಜಗಳ ಮಾಡೋದಿಲ್ಲ ಅಂತ ಹುಡುಗರು ಅವರ ಜೊತೆ ಮಿಠಾಯಿ ಪಂದ್ಯ ಕಟ್ಟುತ್ತಿದ್ದರು. ವಾರ ವಾರ ಪ್ರತಿ ಮಗುವಿನ ತೂಕ ನೋಡಿ ಬರೆದಿಡುತ್ತಿದ್ದರು. ಶನಿವಾರ ಮಕ್ಕಳು ಅಮ್ಮನ ಮನೆಗೋ ಅತ್ತೆ ಮಾವನ ಮನೆಗೋ ಹೋಗಿ ಬರುತ್ತಿದ್ದರು. ಇಲ್ಲೂ ಅದೇ ವಿಷಯ ನೋಡಿ, ಹೋಗಿ ಬರಲು ಮನೆ ಇತ್ತು. ಕೋರ್ಚಾಕ್ ಅದನ್ನು ಮುಚ್ಚಿಹಾಕಲಿಲ್ಲ, ಆ ನಂಟು ಕಡಿಯಲಿಲ್ಲ.

ಕೊರತೆಯೂ ಇತ್ತು. 14 ತುಂಬಿದರೆ ಹೊರಡಬೇಕು. ಹೊರಗೆ ಕೆಲಸವಿಲ್ಲ, ಯಹೂದಿ ಅಂದರೆ ಮುಖ ತಿರುಗಿಸುವ ಊರು. ಒಳಗೆ ಕಲಿತ ನ್ಯಾಯ ಹೊರಗೆ ಎಲ್ಲೂ ಕಾಣೋದಿಲ್ಲ. ಹೀಗೆ ಬೆಳೆಸಿ ನಮ್ಮನ್ನು ಎಲ್ಲಿಗೆ ಕಳಿಸಿದಿರಿ ಅಂತ ದೂರಿದ ಹಳೆಯ ವಿದ್ಯಾರ್ಥಿಗಳೂ ಇದ್ದರು. ಇದು ಇವತ್ತಿನ ಎಲ್ಲ ಅನಾಥಾಲಯಗಳ ಪ್ರಶ್ನೆ ಕೂಡ. 18 ತುಂಬಿದ ಮಾರನೆ ದಿನ ಏನು?

ಮುಂದಿನದು ನಿಮಗೆ ಗೊತ್ತಿರಬಹುದು. 1940ರ ಕೊನೆಯಲ್ಲಿ ನಾಜಿಗಳು ವಾರ್ಸಾದ ಯಹೂದಿಗಳನ್ನೆಲ್ಲ ಗೋಡೆಯೊಳಗೆ ತುಂಬಿದರು. ಅನಾಥಾಲಯವೂ ಮನೆ ಬಿಟ್ಟು ಒಳಗೆ ಹೋಗಬೇಕಾಯಿತು. ಸಾಗಿಸುವಾಗ ಆಲೂಗಡ್ಡೆ ಗಾಡಿಯನ್ನು ಜರ್ಮನರು ಕಿತ್ತುಕೊಂಡರು. ಅದನ್ನು ಕೇಳಲು ಹೋದ ಕೋರ್ಚಾಕ್‌ರನ್ನು ಜೈಲಿಗೆ ಹಾಕಿದರು. ಗೋಡೆಯೊಳಗೂ ದಾನ ನಿಲ್ಲಲಿಲ್ಲ. ಸೆಂಟೋಸ್ ಅನ್ನೋ ಅನಾಥ ಮಕ್ಕಳ ಸಂಘಗಳ ಒಕ್ಕೂಟ 1924ರಿಂದ ಪೋಲೆಂಡಿನಲ್ಲಿತ್ತು. ಅದು ಮಕ್ಕಳಿಗೆ ಗಂಜಿ ಕೇಂದ್ರಗಳನ್ನು ನಡೆಸಿತು. 1941ರ ಶರತ್ಕಾಲದಲ್ಲಿ ‘ಮಕ್ಕಳ ತಿಂಗಳು’ ಅಂತ ಚಂದಾ ಎತ್ತಿದರು. ‘ನಮ್ಮ ಮಕ್ಕಳು ಬದುಕಲೇಬೇಕು’ ಅನ್ನೋ ಪೋಸ್ಟರ್ ಹಚ್ಚಿದರು. ತಾವೇ ಹಸಿದವರು ಹಸಿದ ಮಕ್ಕಳಿಗೆ ಎತ್ತಿದ ಚಂದಾ ಅದು. ಅರವತ್ತು ದಾಟಿದ ಕೋರ್ಚಾಕ್, ಕಾಲು ಊದಿದ್ದರೂ ದಿನಾ ಮನೆಮನೆಗೆ ಹೋಗಿ ಹಿಟ್ಟು, ಎಣ್ಣೆ, ಕಾಸು ಬೇಡಿ ತರುತ್ತಿದ್ದರು. ಕೊಡದ ಉಳ್ಳವರಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದರು.

1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕ ಆಡಿದರು. ರವೀಂದ್ರನಾಥ ಠಾಕೂರರ ‘ಡಾಕ್‌ಘರ್’. ಹಾಸಿಗೆ ಹಿಡಿದ ಬಾಲಕ ಅಮಲ್ ಕಿಟಕಿ ಪಕ್ಕ ಕೂತು ರಾಜನ ಕಾಗದಕ್ಕೆ ಕಾಯುವ ಕಥೆ. ಅವನೂ ಯಾರೋ ದತ್ತು ತೆಗೆದುಕೊಂಡ ತಬ್ಬಲಿಯೇ. ಬಂಗಾಳದಲ್ಲಿ ಹುಟ್ಟಿದ ನಾಟಕ ಪೋಲಿಷ್ ಭಾಷೆಯಲ್ಲಿ, ಗೋಡೆ ಹಾಕಿದ ಊರಿನಲ್ಲಿ, ಯಹೂದಿ ತಬ್ಬಲಿಗಳ ಬಾಯಲ್ಲಿ ಬಂತು. ಮೂರು ವಾರ ಕಳೆಯುವ ಮೊದಲೇ, ಆಗಸ್ಟ್ ಮೊದಲ ವಾರದಲ್ಲಿ, ಸುಮಾರು 200 ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ನಾಜಿಗಳ ಕೊಲೆಶಿಬಿರ ಟ್ರೆಬ್ಲಿಂಕಾದ ರೈಲಿಗೆ ಹತ್ತಿಸಿದರು. ಕೋರ್ಚಾಕ್, ಸ್ಟೆಫಾನಿಯಾ ಮತ್ತು ಉಳಿದ ಸಿಬ್ಬಂದಿ ಮಕ್ಕಳ ಜೊತೆಯೇ ಹೋದರು. ಯಾರೂ ಮರಳಲಿಲ್ಲ. ಕ್ರೋಖ್ಮಾಲ್ನಾ ಬೀದಿಯ ಕಟ್ಟಡ ಮಾತ್ರ ಈಗಲೂ ವಾರ್ಸಾದಲ್ಲಿದೆ.

1924ರ ಜಿನೀವಾ ಮಕ್ಕಳ ಘೋಷಣೆ ಬಂದಾಗ ಕೋರ್ಚಾಕ್‌ಗೆ ಸಮಾಧಾನ ಆಗಿರಲಿಲ್ಲ. ಅದು ಹಕ್ಕು ಕೇಳುತ್ತಿಲ್ಲ, ದಯೆ ಬೇಡುತ್ತಿದೆ ಅಂತ ಬರೆದರು. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಬೇಕು ಅಂತ 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾಪ ಇಟ್ಟ ದೇಶ ಪೋಲೆಂಡ್. 1989ರಲ್ಲಿ ವಿಶ್ವಸಂಸ್ಥೆ ಅದನ್ನು ಅಂಗೀಕರಿಸಿತು.

ಬದುಕಿ ಉಳಿದವರ ಕಥೆಗಳೂ ಇವೆ, ಒಂದನ್ನು ಹೇಳುತ್ತೇನೆ. ಪೋಲೆಂಡಿನಿಂದ ಸೋವಿಯತ್ ಒಳನಾಡಿಗೆ ಓಡಿಹೋಗಿ ಅಪ್ಪ ಅಮ್ಮನನ್ನು ಕಳೆದುಕೊಂಡಿದ್ದ ನೂರಾರು ಯಹೂದಿ ಮಕ್ಕಳು 1942ರಲ್ಲಿ ಟೆಹರಾನ್ ತಲುಪಿದರು. ಅಲ್ಲಿ ಗುಡಾರದಲ್ಲಿಟ್ಟು ಸಾಕಿದರು. ಇರಾಕ್ ದಾಟಲು ಅನುಮತಿ ಸಿಗಲಿಲ್ಲ. ಹಾಗಾಗಿ 1943ರ ಜನವರಿಯಲ್ಲಿ ಹಡಗಿನಲ್ಲಿ ಅವರನ್ನು ಕರಾಚಿಗೆ, ಅಂದರೆ ಆಗಿನ ನಮ್ಮ ಭಾರತಕ್ಕೇ ತಂದರು. ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಸುಯೆಜ್, ಆಮೇಲೆ ರೈಲು. ಫೆಬ್ರವರಿ 18ರಂದು ಪ್ಯಾಲೆಸ್ಟೈನಿನ ಅಟ್ಲಿಟ್ ತಲುಪಿದರು. ಇವರನ್ನು ‘ಟೆಹರಾನ್ ಮಕ್ಕಳು’ ಅಂತಲೇ ಕರೆಯುತ್ತಾರೆ. ಖರ್ಚಿಗೆ ದುಡ್ಡು ಹೊಂದಿಸಿದ್ದರಲ್ಲಿ ಹದಾಸಾ ಎಂಬ ಅಮೆರಿಕದ ಯಹೂದಿ ಮಹಿಳೆಯರ ಸಂಘದ ಪಾಲು ದೊಡ್ಡದು. ಅಂಥ ಸಂಘಗಳ ದುಡ್ಡು ಬರೋದು ದೊಡ್ಡ ಚೆಕ್ಕುಗಳಿಂದ ಮಾತ್ರ ಅಲ್ಲ, ಸಣ್ಣ ಸಣ್ಣ ವಂತಿಗೆಗಳಿಂದಲೂ.

ಈಗಿನ ಮಾತು. ಇವತ್ತು ಇಂಥ ಹೆಚ್ಚಿನ ಸಂಸ್ಥೆಗಳು ಮಕ್ಕಳನ್ನು ಕಟ್ಟಡದಲ್ಲಿ ಇಟ್ಟುಕೊಳ್ಳೋದಿಲ್ಲ. ಲಂಡನ್ನಿನ ನಾರ್‌ವುಡ್ ನೋಡಿ. 19ನೇ ಶತಮಾನದ ಅನಾಥಾಲಯಗಳಿಂದ ಬೆಳೆದ ಸಂಸ್ಥೆ. ಕಾಲರಾ ಬಂದು ಒಂದು ಮನೆಯ ಅಪ್ಪ ಅಮ್ಮ ಇಬ್ಬರೂ ಸತ್ತಾಗ ಒಬ್ಬ ಸೌತೆಕಾಯಿ ವ್ಯಾಪಾರಿ ಅಂಗಡಿ ಬಿಟ್ಟು, ಆ ಮಕ್ಕಳನ್ನು ಎತ್ತಿಕೊಂಡು ಬೀದಿ ಬೀದಿ ಸುತ್ತಿ ದುಡ್ಡು ಎತ್ತಿದ, ಅಲ್ಲಿಂದ ಅನಾಥಾಲಯ ಶುರುವಾಯಿತು ಅಂತ ಕಥೆ ಹೇಳುತ್ತಾರೆ. ಆ ದೊಡ್ಡ ಕಟ್ಟಡ 1960ರ ದಶಕದಲ್ಲಿ ನೆಲಕ್ಕುರುಳಿತು. ಈಗ ಅವರು ಕಷ್ಟದಲ್ಲಿರುವ ಕುಟುಂಬಗಳಿಗೆ, ಕಲಿಕೆಯ ತೊಂದರೆ ಇರುವವರಿಗೆ ನೆರವಾಗುತ್ತಾರೆ. ಅಮೆರಿಕದಲ್ಲೂ ಅಷ್ಟೇ. ವಿಧವೆಗೆ ಬಾಡಿಗೆ, ಮಕ್ಕಳ ಶಾಲೆ ಫೀಸು, ಪಸ್ಕ ಹಬ್ಬಕ್ಕೆ ದಿನಸಿ, ಹೆಣ್ಣುಮಕ್ಕಳ ಮದುವೆ ಖರ್ಚು. ನಿಜವಾದ ಮಕ್ಕಳ ಮನೆಗಳು ಯುಕ್ರೇನಿನಂಥ ಕಡೆ ಉಳಿದಿವೆ. 2022ರಲ್ಲಿ ಯುದ್ಧ ಶುರುವಾದಾಗ ಒಡೆಸಾದ ಯಹೂದಿ ಮಕ್ಕಳ ಮನೆಯವರು ಮಕ್ಕಳನ್ನು ಬಸ್ಸುಗಳಲ್ಲಿ ರೊಮೇನಿಯಾಕ್ಕೆ ಕರೆದೊಯ್ದರು.

ದುಡ್ಡು ಹಾಕುವ ಮುಂಚೆ ನೋಡಬೇಕಾದ್ದು ಇಷ್ಟು. ಡಬ್ಬಿ ಮೇಲೆ ಸಂಸ್ಥೆಯ ಪೂರ್ತಿ ಹೆಸರು, ವಿಳಾಸ ಇರಬೇಕು. ಅಮೆರಿಕದಲ್ಲಿ ನೋಂದಾಯಿತ ದತ್ತಿ ಸಂಸ್ಥೆಗಳು ಸರ್ಕಾರಕ್ಕೆ ಕೊಡುವ ‘ಫಾರ್ಮ್ 990’ ವರದಿಯನ್ನು ಯಾರು ಬೇಕಾದರೂ ನೋಡಬಹುದು. ಬಂದ ದುಡ್ಡೆಷ್ಟು, ಸಂಬಳಕ್ಕೆ ಹೋದದ್ದೆಷ್ಟು, ಕೆಲಸಕ್ಕೆ ಹೋದದ್ದೆಷ್ಟು ಎಲ್ಲ ಇರುತ್ತೆ. ಪ್ರಾರ್ಥನಾ ಮಂದಿರಗಳಿಗೆ ಈ ವರದಿಯಿಂದ ವಿನಾಯಿತಿ ಇದೆ. ವರದಿ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ, ಆದರೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತೆ. ಚಿತ್ರ ನೋಡಿ ಮರುಳಾಗಬೇಡಿ. ನಿಮ್ಮ ನ್ಯೂಜೆರ್ಸಿಯದೇ ಒಂದು ಸಂಸ್ಥೆ ಮಕ್ಕಳ ಹೆಸರಿನಲ್ಲಿ ಹಳೆಯ ಕಾರು ದಾನ ಕೇಳುತ್ತಿತ್ತು. ಹಣ ಯಾವ ಧಾರ್ಮಿಕ ಉದ್ದೇಶಕ್ಕೆ ಹೋಗುತ್ತೆ ಅಂತ ದಾನಿಗಳಿಗೆ ಸರಿಯಾಗಿ ಹೇಳಿಲ್ಲ ಅನ್ನೋ ಆರೋಪದ ಮೇಲೆ 2009ರಲ್ಲಿ ಪೆನ್ಸಿಲ್ವೇನಿಯಾ ಮತ್ತು ಒರೆಗಾನ್ ರಾಜ್ಯಗಳಿಗೆ ದುಡ್ಡು ಕಟ್ಟಿ ರಾಜಿ ಮಾಡಿಕೊಳ್ಳಬೇಕಾಯಿತು. ಧಾರ್ಮಿಕ ಶಿಕ್ಷಣಕ್ಕೆ ಕೊಡೋದು ತಪ್ಪಲ್ಲ. ಕೊಡುವವರಿಗೆ ಗೊತ್ತಿರಬೇಕು, ಅಷ್ಟೇ.

ಯಹೂದಿಯಲ್ಲದ ನೀವು ಧಾರಾಳವಾಗಿ ಹಾಕಬಹುದು. ಯಾರೂ ತಪ್ಪು ತಿಳಿಯೋದಿಲ್ಲ. ನೆಮ್ಮದಿಯಿಂದ ಕೂಡಿ ಬಾಳಲಿಕ್ಕಾಗಿ ಯಹೂದಿಯಲ್ಲದ ಬಡವರಿಗೂ ನಮ್ಮ ಬಡವರ ಜೊತೆಗೇ ಕೊಡಬೇಕು ಅಂತ ಅವರ ಶಾಸ್ತ್ರವೇ ಹೇಳುತ್ತೆ.

ಅಪ್ಪನ ವಿಷಯ. ಭಾರತದಿಂದ ವಿದೇಶಿ ಸಂಸ್ಥೆಗೆ ದಾನ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ ಇದೆ. ಬ್ಯಾಂಕಿನಲ್ಲಿ ಎಲ್‌ಆರ್‌ಎಸ್ ಅಂದರೆ ಗೊತ್ತಾಗುತ್ತೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ, ದಾನವೂ ಅದರೊಳಗೇ ಬರುತ್ತೆ. ಪ್ಯಾನ್ ಕಾರ್ಡ್ ಬೇಕು. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟರೆ 80ಜಿ ತೆರಿಗೆ ವಿನಾಯಿತಿ ಸಿಗೋದಿಲ್ಲ. ಸಣ್ಣ ಮೊತ್ತವಾದರೆ ಬ್ಯಾಂಕಿನ ಶುಲ್ಕವೇ ಒಂದು ಪಾಲು ತಿನ್ನುತ್ತೆ. ಅದರ ಬದಲು ಅಪ್ಪನ ಪರವಾಗಿ ಅಲ್ಲಿಂದ ನೀವೇ ಕಟ್ಟಿ, ರಸೀದಿಯನ್ನು ಅವರಿಗೆ ಕಳಿಸಿ.